ತಿದ್ದಿದ ಪುಕ್ಕ

ಪುಕ್ಕದ ಎಡಗಡೆಯಿಂದ ನಾಲ್ಕನೆಯ ಎಳೆ ತುದಿಯಲ್ಲಿ ಮುರಿದಿತ್ತು. ಮುರಿದ ಕಡೆ ಸಾಸಿವೆಯ ಅರ್ಧದಷ್ಟು ಸಂದು. ಫೋಟೋ ತೆಗೆದ ಮೂರು ಗಾಜಿನ ಪ್ಲೇಟುಗಳಲ್ಲಿ ಎರಡರಲ್ಲಿ ಆ ಸಂದು ಇತ್ತು, ಮೂರನೆಯದರಲ್ಲಿ ಇರಲಿಲ್ಲ. ಭೂತಗನ್ನಡಿ ಹಿಡಿದು ನೋಡಿದೆ. ಸಂದು ಇರಬೇಕಾದ ಜಾಗದಲ್ಲಿ ಪೆನ್ಸಿಲಿನ ಗೆರೆಗಳಿದ್ದವು. ಕೂದಲಿಗಿಂತ ತೆಳ್ಳಗೆ, ಒಂದೊಂದೂ ಅಲ್ಪವಿರಾಮದ ಆಕಾರದಲ್ಲಿ, ಎಲ್ಲವೂ ಬಲಕ್ಕೆ ವಾಲಿಕೊಂಡು. ಸಂದಿನಲ್ಲಿ ಮಾತ್ರವಲ್ಲ, ಇಡೀ ಪುಕ್ಕದ ಮೇಲೆ ಆ ಗೆರೆಗಳೇ ತುಂಬಿದ್ದವು.

ನಾನು ದೊಡ್ಡಬಳ್ಳಾಪುರದ ಪೇಟೆ ಬೀದಿಯ ಫೋಟೋ ಸ್ಟುಡಿಯೋದ ಬಾಗಿಲಲ್ಲಿ, ಪ್ಲೇಟನ್ನು ಬೆಳಕಿಗೆ ಹಿಡಿದು ನಿಂತಿದ್ದೆ. ಅದು ಮಂಗಳವಾರದ ಮಧ್ಯಾಹ್ನ. ಮಾರನೆಯ ದಿನ ಎರಡು ಗಂಟೆಗೆ ಆ ಮೂರು ಪ್ಲೇಟುಗಳ ಪ್ರಿಂಟುಗಳನ್ನು ಬೆಂಗಳೂರಿನ ಕಾಲೇಜಿನಲ್ಲಿ ಭೌತಶಾಸ್ತ್ರದ ಪ್ರೊಫೆಸರರ ಮೇಜಿನ ಮೇಲೆ ಇಡಬೇಕಿತ್ತು.

ಎರಡನೆಯ ಮಹಾಯುದ್ಧದ ವರ್ಷಗಳು. ಪ್ರಯೋಗಾಲಯದ ಸಹಾಯಕರೊಬ್ಬರು ಸೈನ್ಯಕ್ಕೆ ಸೇರಿದ್ದರಿಂದ ಒಂದು ಜಾಗ ಖಾಲಿಯಾಗಿತ್ತು. ಗಂಡಸರು ಸಿಗದ ಕಾರಣಕ್ಕೆ ಆ ಜಾಗಕ್ಕೆ ನನ್ನ ಅರ್ಜಿಯನ್ನು ಓದಿದರು. ಓದಿದ್ದಕ್ಕೆ ಬೇರೆ ಕಾರಣ ಇತ್ತೆಂದು ನಾನು ಭ್ರಮೆಪಟ್ಟಿಲ್ಲ. ಹಕ್ಕಿಯ ಪುಕ್ಕದ ಹೊಳಪಿನ ಬಗ್ಗೆ ಕೆಲಸ ಮಾಡುತ್ತಿದ್ದೇನೆ ಎಂದು ಅರ್ಜಿಯಲ್ಲಿ ಬರೆದಿದ್ದೆ. ಪ್ರೊಫೆಸರರು ಕನ್ನಡಕ ತೆಗೆದು ಹೇಳಿದರು: "ಹೆಣ್ಣುಮಕ್ಕಳು ಯಾವಾಗಲೂ ಚಂದದ ವಸ್ತು ಆರಿಸ್ಕೋತಾರೆ. ಚಂದ ಬೇಡ, ಪುರಾವೆ ತನ್ನಿ. ಒಂದೇ ಪುಕ್ಕ, ಮೂರು ಕೋನ. ಮೂರೂ ಒಂದೇ ಪುಕ್ಕದ್ದು ಅಂತ ನಾನು ನಂಬೋದು ಹೇಗೆ ಅನ್ನೋದನ್ನೂ ಯೋಚನೆ ಮಾಡ್ಕೊಂಡು ಬನ್ನಿ." ಆ ಮುರಿದ ಎಳೆಯೇ ಅವರಿಗೆ ನನ್ನ ಉತ್ತರವಾಗಿತ್ತು. ಬೆರಳಿನ ಗುರುತಿನಂತೆ ಅದು ಮೂರು ಚಿತ್ರದಲ್ಲೂ ಇರಬೇಕಿತ್ತು.

ಮನೆಯಲ್ಲಿ ಅಪ್ಪ ಒಂದೇ ಮಾತು ಹೇಳಿದ್ದರು. ಸಾಸಲಿನ ಹತ್ತಿರದ ಜಮೀನು ನೋಡಿಕೊಂಡು, ಮಗಳನ್ನು ಓದಿಸುವುದಕ್ಕೆಂದೇ ಪೇಟೆಯಲ್ಲಿ ಮನೆ ಮಾಡಿದ್ದವರು ಅವರು. "ಕೆಲಸ ಸಿಕ್ತಾ, ಹೋಗು. ಸಿಗಲಿಲ್ವಾ, ತ್ಯಾಮಗೊಂಡ್ಲಿನೋರಿಗೆ ಹೇಳಿಕಳಿಸ್ತೀನಿ. ಅಲ್ಲೀಗಂಟ ಯಾರೂ ಏನೂ ಮಾತಾಡ್ಬೇಡಿ." ತ್ಯಾಮಗೊಂಡ್ಲಿನಿಂದ ನನಗೆ ಒಂದು ಸಂಬಂಧ ಕೇಳಿ ಬಂದಿತ್ತು. ಅಮ್ಮ ತಲೆಯಾಡಿಸಿದ್ದಳು. ಅಮ್ಮ ತಲೆಯಾಡಿಸಿದರೆ ಒಪ್ಪಿದಳೆಂದು ಅರ್ಥವಲ್ಲ ಎಂಬುದು ನನಗೆ ಗೊತ್ತಿರಬೇಕಿತ್ತು.

ಪುಕ್ಕ ಹೂಗುಬ್ಬಿಯದು. ಹೆಬ್ಬೆರಳಿಗಿಂತ ಸ್ವಲ್ಪ ದಪ್ಪನಾದ, ಬಾಗಿದ ಕೊಕ್ಕಿನ ಆ ಹಕ್ಕಿಯನ್ನು ನುಗ್ಗೆಯ ಹೂವಿನಲ್ಲಿ ಎಲ್ಲರೂ ನೋಡಿದ್ದಾರೆ, ನೋಡಿ ಕಪ್ಪು ಹಕ್ಕಿ ಎಂದಿದ್ದಾರೆ. ಬಿಸಿಲಿಗೆ ಅದು ಎದೆ ತಿರುಗಿಸಿದಾಗ ಒಂದು ಕ್ಷಣ ಕಡುನೀಲಿ, ಮರುಕ್ಷಣ ನೇರಳೆ, ಆಮೇಲೆ ಮತ್ತೆ ಕಪ್ಪು. ಪಕ್ಕದ ಮನೆಯ ಬೆಕ್ಕು ಒಂದನ್ನು ಹಿಡಿದು ಅರ್ಧ ತಿಂದು ಹಿತ್ತಲಲ್ಲಿ ಬಿಟ್ಟಿತ್ತು. ಅದರ ಎದೆಯಿಂದ ಕಿರುಬೆರಳ ಉಗುರಿಗಿಂತ ಚಿಕ್ಕದಾದ ಒಂದು ಪುಕ್ಕವನ್ನು ಇಕ್ಕಳದಲ್ಲಿ ತೆಗೆದಿಟ್ಟುಕೊಂಡೆ.

ಆ ನೀಲಿ ಪುಕ್ಕಕ್ಕೆ ಹಚ್ಚಿದ ಬಣ್ಣವಲ್ಲ. ಅದೇ ಹಕ್ಕಿಯ ಇನ್ನೊಂದು ಪುಕ್ಕವನ್ನು ಕಲ್ಲಿನ ಮೇಲೆ ಅರೆದೆ. ಉಳಿದದ್ದು ಕಂದು ಪುಡಿ. ಮತ್ತೊಂದನ್ನು ಕಿಟಕಿಗೆ ಅಡ್ಡ ಹಿಡಿದು ಬೆಳಕು ಹಾಯುವಂತೆ ನೋಡಿದೆ, ಕಂದು. ಸೀಮೆಎಣ್ಣೆಯಲ್ಲಿ ಅದ್ದಿದಾಗ ನೀಲಿ ಮಂಕಾಯಿತು, ಎಣ್ಣೆ ಆರಿದ ಮೇಲೆ ತಿರುಗಿ ಬಂದಿತು. ಬಣ್ಣ ಕಟ್ಟಿದ ಬಟ್ಟೆ ಹೀಗೆ ನಡೆದುಕೊಳ್ಳುವುದಿಲ್ಲ. ಪುಕ್ಕದ ಎಳೆಗಳ ಮೇಲೆ ಸಾಬೂನು ಗುಳ್ಳೆಯ ಪೊರೆಯಂಥ ಪದರಗಳಿವೆ. ಮೇಲಿನ ಪದರದಿಂದ ಮರಳಿದ ಬೆಳಕಿನ ಅಲೆ, ಕೆಳಗಿನದರಿಂದ ಮರಳಿದ ಅಲೆಯೊಡನೆ ಕೂಡಿದಾಗ ಒಂದು ಬಣ್ಣ ಬಲವಾಗುತ್ತದೆ, ಇನ್ನೊಂದು ಅಳಿಯುತ್ತದೆ. ಕೋನ ಬದಲಾದರೆ ಲೆಕ್ಕವೂ ಬದಲಾಗುತ್ತದೆ. ಮಿಕ್ಕ ಬೆಳಕನ್ನು ಎಳೆಯೊಳಗಿನ ಕಪ್ಪು ನುಂಗಿಕೊಳ್ಳುತ್ತದೆ. ಆ ಕಪ್ಪು ಇಲ್ಲದಿದ್ದರೆ ಬೆಳಕೆಲ್ಲ ಚೆದುರಿ ಹೊರಗೆ ಬಂದು ನೀಲಿಯನ್ನು ತೊಳೆದುಬಿಡುತ್ತಿತ್ತು. ಪದರಗಳನ್ನು ನಾನು ಕಂಡಿಲ್ಲ. ಕಾಲೇಜಿನ ಸೂಕ್ಷ್ಮದರ್ಶಕಕ್ಕೂ ಅವು ಕಾಣುವುದಿಲ್ಲ. ಅವು ಇರಬೇಕೆಂದು ಬೆಳಕೇ ಸಾಕ್ಷಿ ಹೇಳುತ್ತದೆ. ಆ ಸಾಕ್ಷಿಯನ್ನು ಗಾಜಿನ ಮೇಲೆ ಬರೆಸಿಕೊಳ್ಳುವುದು ನನ್ನ ಕೆಲಸವಾಗಿತ್ತು.

ಕ್ಯಾಮೆರಾ ಚಿಕ್ಕಪ್ಪನದು. ಅವರು ಸೈನ್ಯಕ್ಕೆ ಹೋಗುವಾಗ ಬಿಟ್ಟುಹೋದ ಚರ್ಮದ ತಿದಿಯ ಹಳೆಯ ಪೆಟ್ಟಿಗೆ. ಅಷ್ಟು ಸಣ್ಣ ಪುಕ್ಕವನ್ನು ಮೂರು ಪಟ್ಟು ದೊಡ್ಡದಾಗಿ ತೋರಿಸಲು ಅದರ ತಿದಿಯ ಉದ್ದ ಸಾಲದು. ಒಂದು ಅಡಿ ಉದ್ದದ ರಟ್ಟಿನ ಕೊಳವೆ ಮಾಡಿ, ಒಳಗೆ ಮಸಿ ಬಳಿದು, ಮುಂದಕ್ಕೆ ಜೋಡಿಸಿದೆ. ಪ್ಲೇಟು ಪೇಟೆಯಲ್ಲಿ ಸಿಗುತ್ತಿರಲಿಲ್ಲ. ಚಿಕ್ಕಪ್ಪನ ಡಬ್ಬದಲ್ಲಿ ಉಳಿದಿದ್ದವು ನಾಲ್ಕೇ. ಬಣ್ಣದ ಫಿಲ್ಮು ಎಂಬುದೊಂದಿದೆ ಎಂದು ಕೇಳಿದ್ದೆನೇ ಹೊರತು ಕಂಡಿರಲಿಲ್ಲ. ನಮ್ಮ ಪ್ಲೇಟಿಗೆ ನೀಲಿ ಬೆಳ್ಳಗೆ ಕಾಣುತ್ತದೆ, ಕೆಂಪು ಕಾಣುವುದೇ ಇಲ್ಲ. ಅದರಿಂದ ನನಗೆ ನಷ್ಟವಿರಲಿಲ್ಲ. ಮೊದಲ ಕೋನದಲ್ಲಿ ಪುಕ್ಕ ಬೆಳ್ಳಗೆ, ಎರಡನೆಯದರಲ್ಲಿ ಬೂದಿ, ಮೂರನೆಯದರಲ್ಲಿ ಕಪ್ಪು ಬಂದರೆ ಸಾಕು. ಮೂರನೆಯದು ಕಪ್ಪಾಗದಿದ್ದರೆ ಮೊದಲಿನದಕ್ಕೆ ಅರ್ಥವಿಲ್ಲ.

ಪ್ಲೇಟಿಗೆ ಬೆಳಕು ಕೊಡುವ ಹೊತ್ತು ಮೂರಕ್ಕೂ ಒಂದೇ ಆಗಿರಬೇಕು. ಸೆಕೆಂಡು ಮುಳ್ಳಿನ ಗಡಿಯಾರ ಮನೆಯಲ್ಲಿರಲಿಲ್ಲ. ಗೋಡೆಯಾಚೆ ನೇಕಾರರ ಮನೆ. ಅಲ್ಲಿಯ ಹೆಂಗಸು ಮಗ್ಗದಲ್ಲಿ ಕೂತರೆ ಲಾಳಿ ಓಡುವ ಸದ್ದು ಒಂದೇ ಸಮನೆ ಇರುತ್ತದೆ. ಕಾಲೇಜಿನಿಂದ ಒಮ್ಮೆ ತಂದಿದ್ದ ಗಡಿಯಾರದಲ್ಲಿ ಅದನ್ನು ಅಳೆದು ನೋಡಿದ್ದೆ. ಒಂದು ನಿಮಿಷಕ್ಕೂ ಇನ್ನೊಂದಕ್ಕೂ ಒಂದು ಲಾಳಿಯ ವ್ಯತ್ಯಾಸ ಬಂದರೆ ಹೆಚ್ಚು. ಹೋಗಿ ಕೇಳಿಕೊಂಡೆ.

"ನಾನೇನ್ಮಾಡ್ಬೇಕಮ್ಮ?" ಎಂದಳು.

"ಏನೂ ಮಾಡ್ಬೇಡಿ. ನೂಲು ಕಡಿದ್ರೂ ನಿಲ್ಲಿಸ್ಬೇಡಿ, ಅಷ್ಟೇ."

"ನೂಲು ಕಡಿದ್ರೂ ನಿಲ್ಲಿಸ್ಬಾರ್ದಂತೆ! ನಮ್ಮತ್ತೆ ಬದುಕಿದ್ದಿದ್ರೆ ನಿಂಗೂ ನಂಗೂ ಇಬ್ರಿಗೂ ಬೀಳೋದು."

ಮೊದಲ ಪ್ಲೇಟು ಹಾಳಾಯಿತು. ಮಗ್ಗದ ಹೊಡೆತಕ್ಕೆ ನೆಲ ನಡುಗಿ ಚಿತ್ರ ಕಲಸಿಹೋಗಿರುತ್ತದೆಂದು ಕ್ಯಾಮೆರಾದ ಹಿಂಬದಿಯ ಮಸಕು ಗಾಜಿನ ಮೇಲೆ ಆಮೇಲೆ ನೋಡಿ ತಿಳಿದೆ. ಕ್ಯಾಮೆರಾವನ್ನು ರಾಗಿಮೂಟೆಯ ಮೇಲೆ ಕೂರಿಸಿದ ಮೇಲೆ ನಡುಕ ನಿಂತಿತು. ಉಳಿದ ಮೂರಕ್ಕೂ ಇಪ್ಪತ್ತು ಲಾಳಿಯಂತೆ ಬೆಳಕು ಕೊಟ್ಟೆ. ಮುಗಿದ ಮೇಲೆ ಅವಳು ಬಂದು, ಸೂಜಿಗೆ ಸಿಕ್ಕಿಸಿದ್ದ ಪುಕ್ಕವನ್ನು ಅತ್ತ ಇತ್ತ ತಲೆ ವಾಲಿಸಿ ನೋಡಿದಳು.

"ಇದು ನಮ್ ಸೀರೆ ಲೆಕ್ಕಾನೇ ಕಣಮ್ಮ. ಹಾಸು ಕಪ್ಪಿದ್ರೇನೇ ಹೊಕ್ಕಿನ ನೀಲಿ ಎದ್ದು ಕುಣಿಯೋದು. ಬಿಳೀ ಹಾಸಿನ ಮ್ಯಾಲೆ ನೇಯ್ದು ನೋಡು, ನೀರುನೀರಾಗ್ತದೆ."

ಸೀರೆಯಲ್ಲಿರುವುದು ಎರಡು ಬಣ್ಣದ ನೂಲು. ಪುಕ್ಕದ ಕಾರಣ ಬೇರೆ. ಆದರೂ ಕಪ್ಪಿನ ಕೆಲಸವೇನು ಎಂಬುದನ್ನು, ನಾನು ಒಂದು ಮಾತೂ ಹೇಳುವ ಮೊದಲೇ, ಅವಳು ಹೇಳಿದ್ದಳು.

ಪ್ಲೇಟು ತೊಳೆದು ಚಿತ್ರ ಮೂಡಿಸುವ ಮದ್ದು ಮನೆಯಲ್ಲಿರಲಿಲ್ಲ. ಡಬ್ಬವನ್ನು ಕಪ್ಪು ಬಟ್ಟೆಯಲ್ಲಿ ಸುತ್ತಿ, ಮೂರನ್ನೂ ಒಂದೇ ಮದ್ದಿನಲ್ಲಿ, ಎಂಟೇ ನಿಮಿಷ ತೊಳೆಯಬೇಕೆಂದು ಚೀಟಿ ಬರೆದು, ಪೇಟೆಗೆ ಹೊರಟಿದ್ದ ಅಮ್ಮನ ಕೈಯಲ್ಲಿ ಕೊಟ್ಟೆ. ನಾನೇ ಹೋಗಬೇಕಿತ್ತು.

"ಏನಮ್ಮಾ, ಹೆಂಗೈತೆ ಕೈಚಳಕ?" ಎಂದ ಸ್ಟುಡಿಯೋದವನು, ಆ ಮಂಗಳವಾರ ಬಾಗಿಲಲ್ಲಿ ಪ್ಲೇಟು ಹಿಡಿದು ನಿಂತಿದ್ದ ನನ್ನನ್ನು ನೋಡಿ. ಐವತ್ತರ ಆಸುಪಾಸಿನವನು, ಕಿವಿಯ ಮೇಲೆ ಸೂಜಿಯಂತೆ ಚೂಪು ಮಾಡಿದ ಪೆನ್ಸಿಲ್ಲು.

"ಇದನ್ನ ಯಾರು ಮುಟ್ಟಿದ್ದು?"

"ಇನ್ಯಾರು ಮುಟ್ತಾರೆ? ಎರಡು ಸಂಜೆ ಕೂತಿದ್ದೀನಿ. ನಿಮ್ ಚೀಟಿ ಪ್ರಕಾರ ಎಂಟೇ ನಿಮಿಷ ತೊಳ್ದೆ. ಮೊದಲ್ನೇದು ಬೆಳ್ಳಗೆ ಬಂತು. ಎರಡನೇದು ಪರವಾಗಿಲ್ಲ. ಮೂರನೇದು ನೋಡ್ತೀನಿ, ಇದ್ಲು! ಎದೆ ಧಸಕ್ಕಂತು. ಪಾಪ, ಓದಿದ ಹುಡುಗಿ ಕಷ್ಟಪಟ್ಟು ತೆಗೆದೈತೆ, ಕೈ ಕೊಟ್ಬುಡ್ತಲ್ಲ ಅಂದ್ಕೊಂಡೆ."

"ಅದು ಕಪ್ಪಗೇ ಇರಬೇಕಿತ್ತು."

"ಕಪ್ಪಗಿರ್ಲಿ ಅಂತ ಯಾರಾದ್ರೂ ಫೋಟೋ ತೆಗೀತಾರಾ ತಾಯಿ?" ಅವನಿಗೆ ನಿಜವಾಗಿಯೂ ನಗು ಬಂದಿತ್ತು.

"ಇಲ್ಲಿ ಒಂದು ಎಳೆ ಮುರಿದಿತ್ತು."

"ಅದ್ನೂ ಕೂಡ್ಸಿದೆ. ಹಲ್ಲು ಬಿದ್ದೋರಿಗೆ ಹಲ್ಲು ಕೂರ್ಸಿದ್ದೀನಿ, ಪುಕ್ಕ ಯಾವ ಮಹಾ!"

ನನ್ನ ದನಿ ಏರಲಿಲ್ಲ. ಅದು ನನ್ನ ಗುಣವಲ್ಲ, ದೋಷ; ಸಿಟ್ಟು ಬಂದಷ್ಟೂ ನನ್ನ ದನಿ ಸಣ್ಣದಾಗುತ್ತದೆ, ಎದುರಿಗಿದ್ದವರು ಅದನ್ನು ಸಂಕೋಚ ಎಂದುಕೊಳ್ಳುತ್ತಾರೆ. "ತಿದ್ದಿ ಅಂತ ನಾನು ಹೇಳಿರಲಿಲ್ಲ" ಎಂದೆ.

"ನೀವು ಹೇಳಿಲ್ಲ. ನಿಮ್ ತಾಯೋರು ಹೇಳಿದ್ರು. ಡಬ್ಬ ಇಲ್ಲಿಟ್ಟು, 'ಕಪ್ಪಗಿರೋದನ್ನ ಒಸಿ ಬೆಳ್ಳಗೆ ಮಾಡ್ಕೊಡಪ್ಪ, ಮರ್ಯಾದಸ್ಥರಿಗೆ ತೋರ್ಸೋದು' ಅಂದ್ರು. ಅದಕ್ಕೇ ಎರಡ್ನೂ ಮಾಡ್ದೆ."

"ಎರಡನ್ನೂ?"

ಅವನು ಒಳಗೆ ಹೋಗಿ ಇನ್ನೊಂದು ಪ್ಲೇಟನ್ನೂ, ದಪ್ಪ ರಟ್ಟಿಗೆ ಅಂಟಿಸಿದ ಪ್ರಿಂಟನ್ನೂ ತಂದ. ಡಿಗ್ರಿ ಬಂದ ಗುರುತಿಗೆ ಎಂದು ಹಿಂದಿನ ತಿಂಗಳು ಅವನ ಮುಂದೆ ಕೂತು ತೆಗೆಸಿಕೊಂಡಿದ್ದ ನನ್ನ ಚಿತ್ರ. ಗೌನು ಕಪ್ಪಗೇ ಇತ್ತು. ಅದರ ಮೇಲೆ ಅಕ್ಕಿಹಿಟ್ಟಿನ ಬಣ್ಣದ ಒಂದು ಮುಖ. ಏಳು ವರ್ಷದವಳಿದ್ದಾಗ ಒರಳಿನ ಅಂಚಿಗೆ ಬಿದ್ದು ಗದ್ದದ ಮೇಲೆ ಆದ ಗಾಯದ ಗುರುತು ಇರಲಿಲ್ಲ. ಕಣ್ಣು ನನ್ನವು ಎಂದು ಹೇಳಬಹುದಿತ್ತು.

ಅವನ ಬಾಗಿಲ ಬಳಿಯ ಗಾಜಿನ ಪೆಟ್ಟಿಗೆಯಲ್ಲಿ ಸುತ್ತಮುತ್ತಲ ಊರಿನ ಹೆಣ್ಣುಮಕ್ಕಳ ಚಿತ್ರಗಳಿದ್ದವು. ಎಷ್ಟೋ ಸಲ ಅದರ ಮುಂದೆ ಹಾದುಹೋಗಿದ್ದೆ. ಆ ದಿನ ನಿಂತು ನೋಡಿದೆ. ಎಲ್ಲರ ಮುಖವೂ ಒಂದೇ ಹಿಟ್ಟಿನಿಂದ ತಟ್ಟಿದಂತಿತ್ತು. ಅವರಲ್ಲಿ ನನ್ನ ಜೊತೆ ಮಿಡ್ಲ್ ಸ್ಕೂಲಿನಲ್ಲಿ ಓದಿದವಳೊಬ್ಬಳನ್ನು ಸೀರೆಯಿಂದ ಗುರುತಿಸಿದೆ, ಮುಖದಿಂದಲ್ಲ. ನೆಗೆಟಿವಿನಲ್ಲಿ ಕಪ್ಪು ಮುಖ ತಿಳಿಯಾಗಿರುತ್ತದೆ. ಅದರ ಮೇಲೆ ಪೆನ್ಸಿಲಿನ ಪುಡಿ ಸವರಿ, ಗೆರೆ ತುಂಬಿ ಗಾಢ ಮಾಡಿದರೆ ಪ್ರಿಂಟಿನಲ್ಲಿ ಬೆಳ್ಳಗಾಗುತ್ತದೆ. ಅಂದರೆ ಬೆಳ್ಳಗೆ ಮಾಡುವುದಕ್ಕೆ ಬಳಿಯುವುದು ಮಸಿಯನ್ನೇ. ಇಂಥ ಚಿತ್ರಗಳನ್ನು ಎಷ್ಟೋ ಜನ ಗಂಡಿನ ಕಡೆಯವರಿಗೆ ಕಳಿಸಿದ್ದಾರೆ, ಅವರು ನಂಬಿದ್ದಾರೆ. ಮದುವೆಯಾದ ಮೇಲೆ ನಿಜವಾದ ಮುಖಕ್ಕೇ ಸುಳ್ಳು ಹೇಳಿದ ಅಪವಾದ ಬಂದಿದೆ. ಪೆನ್ಸಿಲ್ಲಿಗೆ ಯಾರೂ ಏನೂ ಅಂದಿಲ್ಲ.

"ಈ ಪೆನ್ಸಿಲ್ ಹೋಗುತ್ತಾ?" ಎಂದು ಕೇಳಿದೆ.

"ಟರ್ಪೆಂಟೈನಲ್ಲಿ ಒರೆಸಿದ್ರೆ ಹೋಗ್ತದೆ. ಆದ್ರೆ ನಾನು ಒರೆಸಕ್ಕಿಲ್ಲ. ಈ ಅಂಗಡಿ ಇಟ್ಟಾಗಿಂದ, ಬೆಳ್ಳಗೆ ಮಾಡಿದ್ದನ್ನ ವಾಪಸ್ ಕಪ್ಪು ಮಾಡು ಅಂದೋರು ನೀವೊಬ್ರೇ. ನನ್ ಕೈಲಿ ಆಗಲ್ಲ."

"ಕಪ್ಪು ಇರೋದ್ರಿಂದಲೇ ಈ ಹಕ್ಕಿಗೆ ನೀಲಿ. ಪೂರ್ತಿ ಬಿಳೀ ನವಿಲು ಹುಟ್ಟತ್ತೆ ಕೆಲವು ಸಲ. ಅದರೊಳಗೆ ಕಪ್ಪಿಲ್ಲ, ಅದಕ್ಕೇ ನೀಲೀನೂ ಕಾಣಲ್ಲ."

ಅವನು ಗಂಭೀರವಾಗಿ ಕೇಳಿಸಿಕೊಂಡು, "ಸರಿ ಬಿಡಿ. ಇದ್ನೇ ಗಂಡಿನೋರ ಮುಂದೆ ಹೇಳ್ತೀರಾ?" ಎಂದ. ಅವನಲ್ಲಿ ಕೆಟ್ಟತನವಿರಲಿಲ್ಲ. ಎರಡು ಸಂಜೆ ಕಣ್ಣು ನೋಯಿಸಿಕೊಂಡು ನನಗೆ ಉಪಕಾರ ಮಾಡಿದ್ದ. ಅದೇ ನನಗೆ ತಾಳಲಾಗದ ವಿಷಯವಾಗಿತ್ತು. ದ್ರೋಹ ಮಾಡಿದ್ದರೆ ಬೈಯಬಹುದಿತ್ತು. ನಾಲ್ಕು ಪ್ಲೇಟುಗಳನ್ನೂ ಆ ಪ್ರಿಂಟನ್ನೂ ಎತ್ತಿಕೊಂಡು ಬಂದೆ.

ಅಮ್ಮ ಹಿತ್ತಲಲ್ಲಿ ಹುರುಳಿ ಕೇರುತ್ತಿದ್ದಳು. ಮೊರ ನಿಲ್ಲಿಸಲಿಲ್ಲ.

"ಸ್ಟುಡಿಯೋದವನಿಗೆ ಏನು ಹೇಳಿದೆ ನೀನು?"

"ಏನ್ ಹೇಳ್ದೆ? ಮುಖ ಒಸಿ ಬೆಳ್ಳಗೆ ಬರ್ಲಿ ಅಂದೆ."

"ಮುಖ ಅಂತ ಹೇಳಲಿಲ್ಲ. ಕಪ್ಪಗಿರೋದು ಅಂತ ಹೇಳಿದ್ದೀಯ. ಅವನು ನನ್ನ ಪುಕ್ಕಾನೂ ಬೆಳ್ಳಗೆ ಮಾಡಿದ್ದಾನೆ."

ಮೊರ ನಿಂತಿತು. ಅಮ್ಮ ನನ್ನ ಕೈಯಲ್ಲಿದ್ದ ಗಾಜನ್ನು ನೋಡಿ, ನನ್ನನ್ನು ನೋಡಿ, ಸೆರಗು ಬಾಯಿಗೆ ಹಿಡಿದಳು. ನಕ್ಕಳೋ ಹೆದರಿದಳೋ ತಿಳಿಯಲಿಲ್ಲ. "ಅಯ್ಯೋ ಅವನ ಮನೆ ಹಾಳಾಗ! ನಾನು ನಿನ್ ಮುಖಕ್ಕೆ ಹೇಳಿದ್ದು ಕಣೇ, ನಿನ್ ಪುಕ್ಕಕ್ಕಲ್ಲ!"

ಅವಳು ಅದನ್ನು ಸಮಾಧಾನವೆಂದು ಹೇಳಿದಳು. ಪುಕ್ಕವನ್ನು ತಿದ್ದಿದ್ದು ತಪ್ಪು, ಮುಖವನ್ನು ತಿದ್ದಿದ್ದು ಸರಿ. ತಪ್ಪಾದದ್ದಕ್ಕೆ ಅವಳಿಗೆ ನಿಜವಾಗಿ ಬೇಸರವಿತ್ತು. ಅವಳ ಮೈಬಣ್ಣವೂ ನನ್ನದೇ. ಅವಳನ್ನು ನೋಡಲು ಬಂದಾಗ ಏನಾಯಿತೆಂದು ನಾನು ಯಾವತ್ತೂ ಕೇಳಿರಲಿಲ್ಲ, ಆ ದಿನವೂ ಕೇಳಲಿಲ್ಲ.

"ಅಪ್ಪ ಕಾಯೋಣ ಅಂದಿದ್ರು."

"ಕಾದವ್ರೆ ಬುಡು. ನಾನೇನ್ ಕಳ್ಸಿಬಿಟ್ನಾ? ಲಕೋಟೆ ಬರೆಸಿಟ್ಟಿದ್ದೀನಿ, ಅಷ್ಟೇಯ. ನಾಳೆ ನಿಂಗೆ ಅಲ್ಲಿ ಆಗ್ಲಿಲ್ಲ ಅಂದ್ರೆ ನಾಡಿದ್ದು ಹುಡುಕೋಕೆ ಹೋಗ್ಲಾ?" ಆಮೇಲೆ ದನಿ ಇಳಿಸಿ, "ಅದು ಒರೆಸಿದ್ರೆ ಹೋಗಕ್ಕಿಲ್ವಾ?" ಎಂದಳು. ಪುಕ್ಕದ ಮಾತು.

ಲಕೋಟೆ ದೇವರ ಗೂಡಿನಲ್ಲಿತ್ತು. ಮೇಲೆ ತ್ಯಾಮಗೊಂಡ್ಲಿನ ವಿಳಾಸ, ಅಪ್ಪನ ಅಕ್ಷರ. ನಾನು ಅದನ್ನು ತಿರುಗಿಸಿ ನೋಡುವಾಗ ಅಪ್ಪ ಜಗಲಿಯಿಂದ ಎದ್ದು ಬಂದು, ನನ್ನ ಮುಖ ನೋಡದೆ, "ನಿಮ್ಮವ್ವ ಬರೀ ಅಂದ್ಲು, ಬರ್ದೆ" ಎಂದು ಹೇಳಿ ಮತ್ತೆ ಹೋಗಿ ಕೂತರು. ಯಾರೂ ಮಾತಾಡಬಾರದೆಂದು ಕಟ್ಟಪ್ಪಣೆ ಮಾಡಿದವರು ಅವರೇ. ನನ್ನ ಡಿಗ್ರಿಯನ್ನು ಬಂದವರಿಗೆಲ್ಲ ಹೇಳುವವರೂ ಅವರೇ. ಎರಡೂ ನಿಜ, ಲಕೋಟೆಯೂ ನಿಜ. ರಾತ್ರಿ ಊಟ ಮಾಡಿದೆ. ಹೇಳಲು ಬೇಕಾದಷ್ಟಿತ್ತು. ಹೇಳಿದ್ದರೆ ಅತ್ತುಬಿಡುತ್ತಿದ್ದೆ, ಅತ್ತಿದ್ದರೆ ಅವರು ಅದನ್ನು ಪುಕ್ಕಕ್ಕಾಗಿ ಎಂದುಕೊಳ್ಳುತ್ತಿದ್ದರು.

ಬೆಳಗ್ಗೆ ಬೇಗ ಎದ್ದೆ. ಅಪ್ಪನ ಮಂಡಿನೋವಿಗೆ ಕರ್ಪೂರ ಹಾಕಿ ಕಾಯಿಸಲೆಂದು ಅಮ್ಮ ಟರ್ಪೆಂಟೈನ್ ಇಟ್ಟಿರುತ್ತಾಳೆ. ಶೀಷೆ ತೆಗೆದುಕೊಂಡು, ಹಳೆಯ ಮಲ್ಲು ಬಟ್ಟೆಯ ಚೂರಿಗೆ ನಾಲ್ಕೇ ಹನಿ ಹಾಕಿ, ಮೂರನೆಯ ಪ್ಲೇಟನ್ನು ಮೂಲೆಯಿಂದ ಒರೆಸತೊಡಗಿದೆ. ಬಟ್ಟೆ ಬೂದಿ ಬಣ್ಣವಾಯಿತು. ಬಟ್ಟೆ ಬದಲಿಸಿದೆ. ಐದನೆಯ ಚೂರಿಗೆ ನಾಲ್ಕನೆಯ ಎಳೆ ಮತ್ತೆ ಮುರಿಯಿತು. ಭೂತಗನ್ನಡಿಯಲ್ಲಿ ಸಂದನ್ನು ಮೂರು ಸಲ ನೋಡಿದೆ. ಅದರ ಅಂಚು ಮೊದಲಿನ ಎರಡು ಪ್ಲೇಟುಗಳಲ್ಲಿದ್ದಂತೆಯೇ ಇತ್ತು.

ಬಟ್ಟೆ ಇನ್ನೂ ಒದ್ದೆಯಿತ್ತು. ನನ್ನ ಮುಖದ ಪ್ಲೇಟನ್ನೂ ತೆಗೆದುಕೊಂಡು ಒರೆಸಿದೆ. ಗದ್ದದ ಗಾಯ ಬಂದಿತು.

ಬಿಸಿಲಿಗೆ ಹಿಡಿದರೆ ಚಿತ್ರ ತಾನೇ ಮೂಡುವ ಫೋಟೋ ಕಾಗದ ನನ್ನಲ್ಲಿ ಐದು ಹಾಳೆ ಇತ್ತು. ಸೂರ್ಯ ಹಿತ್ತಲಿನ ಗೋಡೆ ದಾಟಿದ ಕೂಡಲೇ ಒಂದೊಂದು ಪ್ಲೇಟನ್ನೂ ಕಾಗದದ ಮೇಲೆ ಚೌಕಟ್ಟಿಗೆ ಬಿಗಿದು ಬಾವಿಕಟ್ಟೆಯ ಮೇಲಿಟ್ಟೆ. ಗೋಡೆಯಾಚೆ ಮಗ್ಗ ಶುರುವಾಗಿತ್ತು. ಈ ಸಲವೂ ಲಾಳಿ ಎಣಿಸಿಯೇ ಹೊತ್ತು ಅಳೆದೆ. ಬೆಳ್ಳಗಿನದು, ಬೂದಿ, ಕಪ್ಪು. ಕೊನೆಗೆ ನಾನು. ಮೂಡಿದ ಚಿತ್ರ ಮಾಸದಂತೆ ಹೈಪೊ ಉಪ್ಪಿನ ನೀರಿನಲ್ಲಿ ಅದ್ದಿ, ಬಾವಿ ನೀರಿನಲ್ಲಿ ತೊಳೆದು, ಅಮ್ಮನ ಸಂಡಿಗೆ ಬಟ್ಟೆಯ ಮೇಲೆ ನಾಲ್ಕನ್ನೂ ಒಣಗಿಸಿದೆ. ಅಮ್ಮ ಬಂದು ನೋಡಿದಳು, ಒಳಗೆ ಹೋಗಿ ರೊಟ್ಟಿ ಕಟ್ಟಿದಳು.

ಪುಕ್ಕದ ಮೂರು ಪ್ರಿಂಟುಗಳ ಹಿಂದೆ ಕೋನ, ಹೊತ್ತು ಬರೆದು, ಕೆಳಗೆ "ತಿದ್ದಿಲ್ಲ" ಎಂದು ಬರೆದೆ. ನಾಲ್ಕನೆಯದರ ಹಿಂದೆಯೂ ಅದನ್ನೇ ಬರೆದೆ. ಅದನ್ನು ತ್ಯಾಮಗೊಂಡ್ಲಿನ ಲಕೋಟೆಯೊಳಗಿಟ್ಟು, ಅನ್ನದ ಅಗುಳಿನಿಂದ ಅಂಟಿಸಿ, ಇದ್ದ ಜಾಗದಲ್ಲೇ ದೇವರ ಗೂಡಿನಲ್ಲಿ ಇಟ್ಟೆ. ಮಾಕಳಿದುರ್ಗದ ಕಡೆಯಿಂದ ಬರುವ ಬೆಂಗಳೂರಿನ ರೈಲಿಗೆ ಇನ್ನು ಅರ್ಧ ಗಂಟೆ ಇತ್ತು. ಸ್ಟುಡಿಯೋದವನು ದಪ್ಪ ರಟ್ಟಿಗೆ ಅಂಟಿಸಿಕೊಟ್ಟಿದ್ದ ಆ ಬೆಳ್ಳನೆಯ ಮುಖವನ್ನು, ಪುಕ್ಕದ ಮೂರು ಚಿತ್ರಗಳು ದಾರಿಯಲ್ಲಿ ಬಾಗದಿರಲಿ ಎಂದು ಅವುಗಳ ಹಿಂದೆ ಒತ್ತಾಗಿ ಇಟ್ಟು, ದಾರ ಕಟ್ಟಿ, ಸ್ಟೇಷನ್ನಿಗೆ ನಡೆದೆ.